ಬಾಯಿಪಾಠದ ಪದ್ಯ, ಬಳಕೆಯ ಮಾತು: 1823ರ ಬಳ್ಳಾರಿ ವರದಿ ಮತ್ತು ಪ್ರತಿಭಾವಂತ ಮಕ್ಕಳ ಭಾಷಾಬೋಧನೆಯ ಚರಿತ್ರೆ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದ್ರಾಸಿನ ರೆವಿನ್ಯೂ ಮಂಡಲಿಗೆ ಒಂದು ದೀರ್ಘ ವರದಿಯನ್ನು ಒಪ್ಪಿಸಿದನು. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ಆರಂಭಿಸಿದ್ದ ದೇಶೀ ವಿದ್ಯಾಭ್ಯಾಸದ ಸಮೀಕ್ಷೆಗೆ ಬಂದ ಉತ್ತರಗಳಲ್ಲಿ ಅತ್ಯಂತ ವಿವರವಾದವುಗಳಲ್ಲಿ ಇದೂ ಒಂದು. ಧರ್ಮಪಾಲ್ ಅವರು 1983ರಲ್ಲಿ ಈ ಸಮೀಕ್ಷೆಯ ದಾಖಲೆಗಳನ್ನು ಒಟ್ಟಾಗಿ ಪ್ರಕಟಿಸಿದಂದಿನಿಂದ ವರದಿಯನ್ನು ಮುಖ್ಯವಾಗಿ ಎರಡು ಪ್ರಶ್ನೆಗಳಿಗಾಗಿ ಓದುತ್ತ ಬರಲಾಗಿದೆ: ಹಳೆಯ ಶಾಲೆಗಳು ಎಷ್ಟಿದ್ದವು, ಅವು ಏಕೆ ಕ್ಷೀಣಿಸಿದವು. ನಾವು ಇಲ್ಲಿ ಅದನ್ನು ಮೂರನೆಯ ಪ್ರಶ್ನೆಯೊಂದಕ್ಕಾಗಿ ಓದಬಯಸುತ್ತೇವೆ. ಹತ್ತರಿಂದ ಹದಿನಾಲ್ಕರ ವಯಸ್ಸಿನ, ಮಾತಿನಲ್ಲಿ ಚುರುಕಾದ ಮಗುವಿಗೆ ಬಳ್ಳಾರಿ ಸೀಮೆ ಭಾಷೆಯ ಹೆಸರಿನಲ್ಲಿ ಏನನ್ನು ಕಲಿಸಿತು?

ಈ ಪ್ರಶ್ನೆ ನಮಗೆ ಗ್ರಂಥಭಂಡಾರದಲ್ಲಿ ಹುಟ್ಟಿದ್ದಲ್ಲ. ಸಂಡೂರು ತಾಲೂಕಿನ ಕುರೆಕುಪ್ಪ ಇಂದು ಪುರಸಭೆಯುಳ್ಳ ಊರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿನದು. ಕನ್ನಡ, ತೆಲುಗು, ಉರ್ದು, ಲಂಬಾಣಿ ಇಲ್ಲಿ ಹಿಂದಿನಿಂದಲೂ ಇದ್ದ ಮಾತುಗಳು. ಕಾರ್ಖಾನೆಯ ದುಡಿಮೆಯನ್ನು ಅರಸಿ ಬಂದ ಕುಟುಂಬಗಳಿಂದಾಗಿ ಹಿಂದಿಯೂ ಪೂರ್ವ ಭಾರತದ ಭಾಷೆಗಳೂ ಈಗ ಬೀದಿಯಲ್ಲಿ ಕೇಳುತ್ತವೆ. ಈ ಸುತ್ತಿನ ಶಾಲೆಯೊಂದರ ಏಳನೆಯ ತರಗತಿಯಲ್ಲಿ ನಾವು ಒಂದು ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಗಟ್ಟಿಯಾಗಿ ಪಾಠ ಓದುತ್ತಿದ್ದ ಹುಡುಗನೊಬ್ಬ ‘ಹಾಲು’ ಎಂಬುದನ್ನು ‘ಆಲು’ ಎಂದ. ಶಿಕ್ಷಕಿ ತಿದ್ದಿದರು. ಆಗ ಮುಂದಿನ ಸಾಲಿನ ಹುಡುಗಿ ‘ನಮ್ಮ ಮನ್ಯಾಗ ಪಾಲು ಅಂತಾರ ಟೀಚರ್’ ಎಂದಳು. ಅವಳ ಮನೆಮಾತು ತೆಲುಗು. ತಾಂಡಾದಿಂದ ಬರುವ ಇನ್ನೊಬ್ಬಳು ‘ನಮ್ಮಲ್ಲಿ ದೂದ್’ ಎಂದಳು. ತರಗತಿಯೆಲ್ಲ ನಕ್ಕಿತು. ನಗೆ ಅಡಗಿದ ಮೇಲೆ, ಮೊದಲು ತಿದ್ದಿಸಿಕೊಂಡ ಹುಡುಗನೇ ಕೇಳಿದ: ‘ಹಂಗಾರ ಮೊದ್ಲು ಯಾವ್ದಿತ್ತು?’ ಅವಧಿ ಮುಗಿಯುತ್ತಿತ್ತು, ಪಾಠ ಉಳಿದಿತ್ತು. ಪ್ರಶ್ನೆ ಅಲ್ಲಿಗೇ ನಿಂತಿತು.

ಅವನು ಕೇಳಿದ್ದು ಐತಿಹಾಸಿಕ ಭಾಷಾವಿಜ್ಞಾನದ ಮೊದಲ ಪ್ರಶ್ನೆ. ಉತ್ತರಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಆ ಕೋಣೆಯಲ್ಲಿಯೇ ಇತ್ತು. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲ್’ ಆಯಿತು. ಪದಾದಿಯ ಪಕಾರ ಹಕಾರವಾಗುವ ಈ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಕಾಣತೊಡಗಿ ಕ್ರಮೇಣ ಭಾಷೆಯನ್ನೆಲ್ಲ ವ್ಯಾಪಿಸಿತು. ಬಳ್ಳಾರಿಯನ್ನೂ ಒಳಗೊಂಡ ಹಲವು ಪ್ರದೇಶಗಳ ಆಡುಮಾತಿನಲ್ಲಿ ಆ ಹಕಾರವೂ ಬಿದ್ದುಹೋಗಿದೆ. ಹೀಗೆ ನೋಡಿದರೆ ತೆಲುಗಿನ ಹುಡುಗಿಯ ‘ಪಾಲು’ ಕನ್ನಡ ಕಳೆದುಕೊಂಡ ಪಕಾರವನ್ನು ಉಳಿಸಿಕೊಂಡಿರುವ ರೂಪ, ಪಠ್ಯಪುಸ್ತಕದ ‘ಹಾಲು’ ನಡುವಿನ ಮೆಟ್ಟಿಲು, ಹುಡುಗನ ‘ಆಲು’ ಕೊನೆಯ ಮೆಟ್ಟಿಲು. ‘ದೂದ್’ ಬೇರೆಯೇ ಒಂದು ಭಾಷಾಕುಟುಂಬದ ಮಾತು. ಸಾವಿರ ವರ್ಷಗಳ ಚರಿತ್ರೆ ನಾಲ್ಕು ಬಾಯಲ್ಲಿ ಒಂದೇ ನಿಮಿಷದಲ್ಲಿ ಕೇಳಿಸಿತ್ತು. ತರಗತಿಯ ಮಟ್ಟಿಗೆ ಅದರಲ್ಲಿ ಒಂದು ಸರಿ, ಉಳಿದವು ತಪ್ಪು ಅಥವಾ ತಮಾಷೆ. ಇದಕ್ಕಾಗಿ ಆ ಶಿಕ್ಷಕಿಯನ್ನು ದೂರುವುದು ಸಲ್ಲದು. ಅವರ ಕೈಗೆ ಬಂದಿರುವ ಭಾಷಾಪಾಠದ ಕಲ್ಪನೆಯೇ ಹಾಗಿದೆ. ಅದು ಹಾಗೇಕಾಯಿತು ಎಂಬುದಕ್ಕೆ 1823ರ ವರದಿಯಿಂದ ಆರಂಭಿಸಬೇಕು.

ಹಲಿಗೆ, ಕಡತ, ಬಳಪ

ಕ್ಯಾಂಪ್‌ಬೆಲ್ ಕೊಡುವ ಅಂಕಿಗಳು ಪ್ರಸಿದ್ಧವಾಗಿವೆ. ಜಿಲ್ಲೆಯ ಜನಸಂಖ್ಯೆ 9,27,857; ಶಾಲೆಗಳು 533; ಕಲಿಯುವವರು 6,641. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ, ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ. ಹೆಣ್ಣುಮಕ್ಕಳು ಅರವತ್ತು ಮಾತ್ರ. ಭಾಷೆಯ ಲೆಕ್ಕದಲ್ಲಿ ಕನ್ನಡ ಕಲಿಸುವ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಇವಲ್ಲದೆ ಬ್ರಾಹ್ಮಣರು ಮಾತ್ರ ಕಲಿಯುವ ಸಂಸ್ಕೃತದ ಸ್ಥಾನಗಳು 23. ಆಗಿನ ಬಳ್ಳಾರಿ ಜಿಲ್ಲೆ 1800ರಲ್ಲಿ ನಿಜಾಮನಿಂದ ಬಂದ ದತ್ತ ಪ್ರದೇಶದ ದೊಡ್ಡ ಭಾಗ. 1882ರಲ್ಲಿ ಬೇರೆಯಾದ ಅನಂತಪುರವೂ ಅದರೊಳಗಿತ್ತು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನವಾದರೋ ಹೊರಗಿತ್ತು. ಆದ್ದರಿಂದ ಈ ಅಂಕಿಗಳನ್ನು ಇಂದಿನ ಸಂಡೂರು ತಾಲೂಕಿನ ಒಂದೊಂದು ಊರಿಗೂ ಹಂಚಲು ಬಾರದು. ಕನ್ನಡ ಮತ್ತು ತೆಲುಗಿನ ಶಾಲೆಗಳು ಬಹುಮಟ್ಟಿಗೆ ಸರಿಸಮವಾಗಿದ್ದ ಸೀಮೆ ಇದು ಎಂಬುದಷ್ಟೇ ನಮ್ಮ ವಾದಕ್ಕೆ ಬೇಕಾದದ್ದು.

ಅಂಕಿಗಳಿಗಿಂತ ನಮಗೆ ಮುಖ್ಯವಾದದ್ದು ವರದಿಯಲ್ಲಿ ಬರುವ ತರಗತಿಯ ವರ್ಣನೆ. ಐದನೆಯ ವಯಸ್ಸಿಗೆ ಅಕ್ಷರಾಭ್ಯಾಸ. ಬೆಳಗಿನ ಆರು ಗಂಟೆಯ ಸುಮಾರಿಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಬೆತ್ತದ ಪೆಟ್ಟು ಒಂದು, ಎರಡು ಎಂದು ಏರುತ್ತ ಹೋಗುವುದು. ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಬರೆವಣಿಗೆ, ಅನಂತರ ಎಲೆಯ ಮೇಲೆ, ಇಲ್ಲವೆ ಹಲಿಗೆ ಮತ್ತು ಕಡತಗಳ ಮೇಲೆ ಬಳಪದಿಂದ. ಗಂಜಿ ಹಾಕಿ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಬಳಿದರೆ ಕಡತ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಇಂದು ಸರ್ಕಾರಿ ಕಚೇರಿಯ ಮೇಜಿನ ಮೇಲೆ ಅಲುಗದೆ ಕೂರುವ ವಸ್ತುವಿಗೆ ಈ ಅಳಿಸಬಲ್ಲ ವಸ್ತುವಿನ ಹೆಸರು ಸಂದಿರುವುದು ಅರ್ಥಪಲ್ಲಟದ ಪಾಠಕ್ಕೆ ಒಳ್ಳೆಯ ಉದಾಹರಣೆ.

ಶಾಲೆಯ ಮಕ್ಕಳು ನಾಲ್ಕು ತರಗತಿಗಳಾಗಿ ಹಂಚಿಹೋಗಿರುತ್ತಿದ್ದರು. ಕೆಳಗಿನ ತರಗತಿಗಳನ್ನು ಮುಂದುವರಿದ ಹುಡುಗರೇ ನೋಡಿಕೊಳ್ಳಬೇಕು. ಮೇಲಿನವರನ್ನು ಮಾತ್ರ ಅಯ್ಯನವರು ನೇರವಾಗಿ ಕಲಿಸುವರು. ಇಡೀ ವರದಿಯಲ್ಲಿ ಕ್ಯಾಂಪ್‌ಬೆಲ್ ಮುಕ್ತವಾಗಿ ಮೆಚ್ಚುವುದು ಎರಡನ್ನೇ: ಬರೆವಣಿಗೆ ಕಲಿಸುವುದರಲ್ಲಿನ ಮಿತವ್ಯಯ ಮತ್ತು ಬಲ್ಲ ಹುಡುಗ ಬಾರದ ಹುಡುಗನಿಗೆ ಹೇಳಿಕೊಡುತ್ತ ತನ್ನ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತು ಎನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದದ್ದು ಆಂಡ್ರೂ ಬೆಲ್‌ನ ‘ಮದ್ರಾಸ್ ಪದ್ಧತಿ’. ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಬೆಲ್, ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೆ ಅದನ್ನು ತಂದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದನು. ಚುರುಕಾದ ಮಗುವನ್ನು ಬೇರೆ ಶಾಲೆಗೆ ಒಯ್ಯದೆ, ಅದೇ ಕೋಣೆಯಲ್ಲಿ ಅದಕ್ಕೆ ಹೆಚ್ಚಿನ ಕೆಲಸ ಕೊಡುವ ಏರ್ಪಾಡು ಇದು. ಚಿಕ್ಕವರಿಗೆ ಬಿಡಿಸಿ ಹೇಳುವುದು ಎಂದರೆ ಪುಸ್ತಕದ ಮಾತನ್ನು ಮನೆಯ ಮಾತಿಗೆ ತಿರುಗಿಸುವುದು. ಹಾಗೆ ತಿರುಗಿಸುವುದು ಆ ಶಾಲೆಯ ಮೇಲಿನ ತರಗತಿಯ ದಿನದ ಕೆಲಸವೇ ಆಗಿತ್ತು, ಯಾರೂ ಅದನ್ನು ಒಂದು ವಿಷಯವೆಂದು ಕರೆಯದಿದ್ದರೂ.

ಇನ್ನೊಂದು ಅಭ್ಯಾಸವೂ ಗಮನಾರ್ಹ. ಅಯ್ಯನವರು ಅಲ್ಲಲ್ಲಿಂದ ಸಂಗ್ರಹಿಸಿದ ಕಾಗದಪತ್ರಗಳನ್ನು ತಂದು, ಅವುಗಳಲ್ಲಿನ ಬಗೆಬಗೆಯ ಕೈಬರಹಗಳನ್ನು ಬಿಡಿಸಿ ಓದಿಸುತ್ತಿದ್ದರು. ಅದರೊಡನೆ ಪತ್ರ, ಅರ್ಜಿ, ಕರಾರುಗಳ ಬರೆವಣಿಗೆ. ಒಂದೇ ಭಾಷೆಯ ಹಲವು ರೂಪಗಳನ್ನು, ಅವು ಹುಟ್ಟಿದ ಸಂದರ್ಭದೊಡನೆ, ಮಕ್ಕಳ ಮುಂದಿಡುವುದು ಇಂದಿನ ಪಠ್ಯಕ್ರಮಗಳು ‘ನೈಜ ಪಠ್ಯ’ವೆಂದು ಕರೆದು ಕಷ್ಟಪಟ್ಟು ಸಾಧಿಸಲು ಹೊರಟಿರುವ ಕೆಲಸ.

ಆದರೆ ಈ ಶಾಲೆಯನ್ನು ಹೊಗಳಿ ಮುಗಿಸುವಂತಿಲ್ಲ. ಯಾರು ಮೇಲಿನ ತರಗತಿಗೆ ಏರುತ್ತಿದ್ದರು? ಬಡತನದಿಂದ ಅನೇಕರನ್ನು ಐದೇ ವರ್ಷಕ್ಕೆ ಬಿಡಿಸುತ್ತಿದ್ದರು. ಅನುಕೂಲವೂ ಆಸಕ್ತಿಯೂ ಇದ್ದ ಮನೆಗಳ ಹುಡುಗರು ಹದಿನಾಲ್ಕು, ಹದಿನೈದು ವರ್ಷಗಳವರೆಗೂ ಮುಂದುವರಿಯುತ್ತಿದ್ದರು ಎಂದು ವರದಿಯೇ ಹೇಳುತ್ತದೆ. ‘ಬಲ್ಲ ಹುಡುಗ’ ಎಂದರೆ ಬಹುಪಾಲು ಉಳಿಯಲು ಸಾಧ್ಯವಾದ ಹುಡುಗ. ವಿಲಾಯತಿಯ ಬಟ್ಟೆ ಬಂದು ನೇಕಾರಿಕೆಯ ವರ್ಗಗಳ ವರಮಾನ ಕುಸಿದುದೇ ಶಾಲೆಗಳ ಅವನತಿಗೆ ಒಂದು ಕಾರಣವೆಂದು ಕ್ಯಾಂಪ್‌ಬೆಲ್ ಬರೆದದ್ದನ್ನು ಇದರೊಡನೆ ಓದಬೇಕು. ಮಗ್ಗ ನಿಂತ ಮನೆಯಲ್ಲಿ ಪ್ರತಿಭೆಗೆ ಅವಧಿ ಐದು ವರ್ಷ. ಇನ್ನು, ಓದುವ ಪುಸ್ತಕಗಳೂ ಸಮುದಾಯಕ್ಕೆ ತಕ್ಕಂತೆ ಬೇರೆ. ರಾಮಾಯಣ, ಮಹಾಭಾರತ, ಭಾಗವತಗಳು ಒಂದು ಕಡೆ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣದಂಥವು. ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತಗಳು. ಹಗುರ ಓದಿಗೆ ಪಂಚತಂತ್ರ, ಬೇತಾಳನ ಕಥೆಗಳು.

ಕ್ಯಾಂಪ್‌ಬೆಲ್‌ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಈ ಪುಸ್ತಕಗಳೆಲ್ಲ ಪದ್ಯದಲ್ಲಿವೆ. ಅವುಗಳ ಭಾಷೆ ಮಾತುಕತೆಗೂ ವ್ಯವಹಾರಕ್ಕೂ ಬಳಸುವ ಭಾಷೆಗಿಂತ ಬೇರೆಯಾದದ್ದು. ಲಿಪಿಯೊಂದೇ ಆದ್ದರಿಂದ ಹುಡುಗ ಎರಡನ್ನೂ ಓದಬಲ್ಲ, ಆದರೆ ಮೊದಲನೆಯದನ್ನು ತಿಳಿಯಲಾರ. ಅಕ್ಷರಗಳ ಉಚ್ಚಾರಣೆಯ ಮೇಲೆಯೇ ಗಮನ, ಪದದ ಅರ್ಥ ಮತ್ತು ರಚನೆಗಳ ಮೇಲಲ್ಲ. ನೂರಾರು ಪದ್ಯಗಳು ಬಾಯಿಗೆ ಬರುತ್ತವೆ, ನಾಮಪದಕ್ಕೆ ವಿಭಕ್ತಿ ಹತ್ತುವ ಬಗೆ ತಿಳಿಯದು. ಗಿಳಿಯ ಹೋಲಿಕೆಯನ್ನು ಅವನೂ ತರುತ್ತಾನೆ.

ಭಾಷಾವಿಜ್ಞಾನಿಗಳಾದ ನಮಗೆ ಈ ಪುಟಗಳು ಪರಿಚಿತವೆನಿಸುತ್ತವೆ. ಫರ್ಗುಸನ್ ಅವರು 1959ರಲ್ಲಿ ‘ಡೈಗ್ಲೋಸಿಯಾ’ ಎಂದು ಹೆಸರಿಟ್ಟ ಸ್ಥಿತಿಯನ್ನು, ಹಾ.ಮಾ. ನಾಯಕರು ಕನ್ನಡದ ಬರಹ ಮತ್ತು ಆಡುಮಾತುಗಳನ್ನು ಹೋಲಿಸಿ 1967ರ ತಮ್ಮ ಗ್ರಂಥದಲ್ಲಿ ವಿವರಿಸಿದ ಅಂತರವನ್ನು, ಶಾಲೆಯ ಸಮಸ್ಯೆಯಾಗಿ ಒಬ್ಬ ಜಿಲ್ಲಾಧಿಕಾರಿ ಒಂದು ಶತಮಾನಕ್ಕೂ ಮುಂಚೆ ಗುರುತಿಸಿದ್ದಾನೆ. ಅವನ ತೀರ್ಮಾನವನ್ನು ಮಾತ್ರ ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಪದ್ಯದ ಅರ್ಥ ಆಗುತ್ತಿದ್ದದ್ದು ಶಾಲೆಯಲ್ಲಲ್ಲ. ಸಂಜೆ ಗುಡಿಯ ಕಟ್ಟೆಯಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವ ರೂಢಿಯಲ್ಲಿ. ಬೆಳಗ್ಗೆ ಬಾಯಿಗೆ ಬಂದದ್ದು ಕೆಲವರಿಗಾದರೂ ರಾತ್ರಿ ತಲೆಗೆ ಹೋಗುತ್ತಿತ್ತು. ಕಚೇರಿಯಿಂದ ನೋಡಿದವನಿಗೆ ಬೆಳಗಿನ ಅರ್ಧ ಮಾತ್ರ ಕಂಡಿದೆ.

ಒಂದೇ ಕೈಯ ಎರಡು ಕೃತಿಗಳು

ಆದರೂ ಕ್ಯಾಂಪ್‌ಬೆಲ್ ಇಷ್ಟನ್ನು ಕಂಡದ್ದಕ್ಕೆ ಕಾರಣವಿದೆ. ಅವನು ಸ್ವತಃ ವೈಯಾಕರಣ. 1816ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ತೆಲುಗು ವ್ಯಾಕರಣ ಅವನದೇ. ದ್ರಾವಿಡ ಭಾಷಾವಿಜ್ಞಾನದ ಚರಿತ್ರೆಯಲ್ಲಿ ಆ ಪುಸ್ತಕಕ್ಕೆ ಇರುವ ಸ್ಥಾನ ಅದರ ಪೀಠಿಕೆಗೆ ಎಫ್.ಡಬ್ಲ್ಯು. ಎಲಿಸ್ ಬರೆದ ಟಿಪ್ಪಣಿಯಿಂದ ಬಂದದ್ದು. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮೊಳಗೆ ಒಂದೇ ಮೂಲದ ಬಂಧುಗಳು ಎಂಬುದನ್ನು ಕಾಲ್ಡ್‌ವೆಲ್‌ಗಿಂತ ನಲವತ್ತು ವರ್ಷ ಮೊದಲು ಸಾಧಿಸಿ ತೋರಿಸಿದ ಬರಹ ಅದು. ಥಾಮಸ್ ಟ್ರೌಟ್‌ಮನ್ ಅವರ 2006ರ ಅಧ್ಯಯನದ ಬಳಿಕ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲಿಸನ ವಿಧಾನ ಮಾತ್ರ ನಮ್ಮ ವಿಷಯಕ್ಕೆ ಮುಖ್ಯ: ಮೂರು ಭಾಷೆಗಳ ಧಾತುಗಳನ್ನು ಪಕ್ಕಪಕ್ಕದ ಅಂಕಣಗಳಲ್ಲಿ ಇಡುವುದು, ಆಮೇಲೆ ಪದಗಳನ್ನು, ಆಮೇಲೆ ವಾಕ್ಯಗಳನ್ನು. ತತ್ಸಮ, ತದ್ಭವ, ದೇಶ್ಯ ಎಂದು ನಮ್ಮ ವೈಯಾಕರಣರು ಮಾಡಿಕೊಂಡ ವಿಂಗಡಣೆಯನ್ನೇ ಅವನು ಸಾಕ್ಷ್ಯದ ಸಾಧನವಾಗಿ ಬಳಸಿದನು. ತೆಲುಗಿನ ದೇಶ್ಯಪದಗಳ ವಿಷಯದಲ್ಲಿ ಅವನು ಆಶ್ರಯಿಸಿದವರಲ್ಲಿ ‘ಆಂಧ್ರದೀಪಿಕ’ ಕೋಶದ ಕರ್ತೃ ಮಾಮಿಡಿ ವೆಂಕಯ್ಯನೂ ಒಬ್ಬ.

ಈಗ ಏಳು ವರ್ಷ ಮುಂದೆ ಬಂದು ಬಳ್ಳಾರಿ ವರದಿಯ ಪುಸ್ತಕಪಟ್ಟಿಯನ್ನು ನೋಡೋಣ. ದೇಶೀ ಭಾಷೆಗಳ ಕೋಶ ಮತ್ತು ವ್ಯಾಕರಣಗಳೆಂದು ಅಲ್ಲಿ ಹೆಸರಿಸಿರುವವುಗಳಲ್ಲಿ ಅಮರ ಇದೆ, ನಿಘಂಟು ಇದೆ, ಕೇಶಿರಾಜನ ‘ಶಬ್ದಮಣಿದರ್ಪಣ’ ಇದೆ, ‘ಆಂಧ್ರನಾಮಸಂಗ್ರಹ’ ಇದೆ, ‘ಆಂಧ್ರದೀಪಿಕ’ವೂ ಇದೆ. ಎಂದರೆ ಎಲಿಸನ ಸಾಕ್ಷ್ಯಕ್ಕೆ ಒದಗಿದ ಬಗೆಯ ಪುಸ್ತಕಗಳು ಬಳ್ಳಾರಿ ಶಾಲೆಗಳ ಪಟ್ಟಿಯಲ್ಲಿಯೇ ಇದ್ದವು. ಆದರೆ ಕ್ಯಾಂಪ್‌ಬೆಲ್ ಕೂಡಲೇ ಸೇರಿಸುತ್ತಾನೆ: ಅತ್ಯಗತ್ಯವಾದ ಇವೇ ಶಾಲೆಗಳಲ್ಲಿ ಎಲ್ಲಕ್ಕಿಂತ ಅಪರೂಪ. ಹಸ್ತಪ್ರತಿಗೆ ಬೆಲೆ ಹೆಚ್ಚು, ಅಯ್ಯನವರು ಬಡವರು. ಸಿಕ್ಕ ಪ್ರತಿಗಳಲ್ಲಿಯೂ ಲಿಪಿಕಾರರ ತಪ್ಪುಗಳೇ ತುಂಬಿವೆ. ಪದ್ಯದ ಪುಸ್ತಕ ಇದೆ, ಪದ್ಯವನ್ನು ಬಿಡಿಸುವ ಪುಸ್ತಕ ಇಲ್ಲ. ಗಿಳಿಪಾಠದ ದೋಷವನ್ನು ಹುಡುಗರ ಬುದ್ಧಿಗಾಗಲಿ ಪದ್ಧತಿಯ ಸ್ವಭಾವಕ್ಕಾಗಲಿ ಹೊರಿಸುವ ಮೊದಲು ಈ 1823ರ ಸಾಲುಗಳನ್ನು ನೆನೆಯಬೇಕು. ಕೊರತೆ ಇದ್ದದ್ದು ಬೆಲೆಯಲ್ಲಿ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಬೇರೊಂದು. ಕನ್ನಡ ಮತ್ತು ತೆಲುಗುಗಳ ಬಂಧುತ್ವದ ಸಾಕ್ಷ್ಯವನ್ನು ತನ್ನ ಪುಸ್ತಕದಲ್ಲಿ ಅಚ್ಚುಹಾಕಿಸಿದವನೇ, ಅವೆರಡೂ ಸರಿಸಮವಾಗಿ ಕಲಿಯಲ್ಪಡುವ ಜಿಲ್ಲೆಯ ಕಲೆಕ್ಟರನಾಗಿದ್ದನು. 235 ಮತ್ತು 226 ಎಂಬ ಅಂಕಿಗಳನ್ನು ಬರೆದವನು ಅವನೇ. ಆದರೂ ಎರಡೂ ಭಾಷೆಗಳ ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಬಹುದೆಂಬ ಯೋಚನೆ ವರದಿಯಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ಹೋಲಿಕೆ ವಿದ್ವಾಂಸರ ಮತ್ತು ಅಧಿಕಾರಿಗಳ ವಿದ್ಯೆ. ಮಕ್ಕಳಿಗೆ ಬೇಕಾದದ್ದು ಒಳ್ಳೆಯ ಪುಸ್ತಕ, ಒಳ್ಳೆಯ ಗದ್ಯ, ಒಳ್ಳೆಯ ನಡತೆ. ಇದು ಅವನೊಬ್ಬನ ಕುರುಡಲ್ಲ. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗಾಗಿ ದುಡಿದನು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶಗಳನ್ನು ತಂದನು. ಕನ್ನಡದ ಭಾಷಾಶಾಸ್ತ್ರಕ್ಕೆ ಇಷ್ಟೊಂದು ಕೊಟ್ಟ ಊರಿನಲ್ಲಿ ಆ ಶಾಸ್ತ್ರದ ಒಂದು ಹನಿಯೂ ಹನ್ನೆರಡು ವರ್ಷದ ಮಕ್ಕಳ ಕೋಣೆಗೆ ತೊಟ್ಟಿಕ್ಕಲಿಲ್ಲ.

ಜರಡಿಗಳ ಕಾಲ

ಮುಂದಿನ ನೂರು ವರ್ಷಗಳನ್ನು ಬೇಗ ದಾಟಬಹುದು. 1826ರ ಮನ್ರೋನ ಯೋಜನೆ, 1854ರ ವುಡ್ ನಿರೂಪ, ಅವುಗಳ ಬೆನ್ನಿಗೆ ಬಂದ ಅನುದಾನ ಮತ್ತು ಪರೀಕ್ಷೆಗಳು ಹಳೆಯ ಮಠದ ಮೇಲಿನ ತರಗತಿಯನ್ನು ಒಡೆದವು. ಚುರುಕಾದ ಹುಡುಗನ ದಾರಿ ಇಂಗ್ಲಿಷಿನ ಕಡೆಗೆ ತಿರುಗಿತು. ದೇಶಭಾಷೆಯಲ್ಲೇ ಉಳಿದವನು ಉಳಿದವನಾದನು. ವಿಚಿತ್ರವೆಂದರೆ, 1823ರಲ್ಲಿ ಯಾರ ಕೈಗೂ ಸಿಗದಿದ್ದ ಶಬ್ದಮಣಿದರ್ಪಣ ಈ ಅವಧಿಯಲ್ಲಿಯೇ ಅಚ್ಚಿಗೆ ಬಂತು: 1868ರಲ್ಲಿ ಬೆಂಗಳೂರಿನಿಂದ ಗ್ಯಾರೆಟ್‌ನದು, 1872ರಲ್ಲಿ ಮಂಗಳೂರಿನಿಂದ ಕಿಟೆಲರದು. ಪುಸ್ತಕ ಬಂದಾಗ ಅದನ್ನು ಬೇಡಿದ್ದ ತರಗತಿ ಇರಲಿಲ್ಲ. ವ್ಯಾಕರಣ ಶಾಲೆಯನ್ನು ಹೊಕ್ಕದ್ದು ಸಂಧಿ, ಸಮಾಸ, ವಿಭಕ್ತಿಗಳ ಅಧ್ಯಾಯಗಳಾಗಿ, ಎಂದರೆ ಇನ್ನೊಂದು ಬಗೆಯ ಬಾಯಿಪಾಠವಾಗಿ. ಆ ಅಧ್ಯಾಯಗಳೂ ಸಂಸ್ಕೃತದ ಅಚ್ಚಿನವು. ಕನ್ನಡ ಮಗುವಿಗೆ ಅದರ ನಾಲಗೆಯ ಮೇಲಿರುವ ಕನ್ನಡವನ್ನು ಅವು ವಿವರಿಸಲಾರವೆಂಬ ಡಿ.ಎನ್. ಶಂಕರ ಭಟ್ಟರ ವಾದ ಎಲ್ಲರಿಗೂ ತಿಳಿದದ್ದೇ. ಕೇಶಿರಾಜನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ೞಕಾರದ ಪದಗಳ ಪಟ್ಟಿಯನ್ನು ಹದಿಮೂರನೆಯ ಶತಮಾನದಲ್ಲಿ ಅವನು ಕೊಡಬೇಕಾಗಿ ಬಂದದ್ದು, ಆ ಧ್ವನಿ ಜನರ ಬಾಯಿಂದ ಜಾರಿಹೋಗಿದ್ದರಿಂದ. ಬಾಯಲ್ಲಿ ಇಲ್ಲದ್ದನ್ನು ಬರಹದಲ್ಲಿ ನೆನಪಿಡಬೇಕಾದ ತೊಂದರೆ, ‘ಆಲು’ ಎಂದು ‘ಹಾಲು’ ಬರೆಯಬೇಕಾದ ಕುರೆಕುಪ್ಪದ ಹುಡುಗನ ತೊಂದರೆಯೇ. ಕೇಶಿರಾಜನನ್ನು ಹಾಗೆ ಪರಿಚಯಿಸಿದ ಶಾಲಾ ಪುಸ್ತಕವನ್ನು ನಾವು ಈವರೆಗೆ ಕಂಡಿಲ್ಲ.

1949ರಲ್ಲಿ ಸಂಡೂರು ಮದ್ರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಬಳ್ಳಾರಿ ಜಿಲ್ಲೆ ಭಾಷೆಯ ಗೆರೆಯಲ್ಲಿ ಒಡೆಯಿತು: ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ, ಉಳಿದ ತಾಲೂಕುಗಳು ಮೈಸೂರಿಗೆ. ಗೆರೆಯ ಈಚೆಗಿನ ತೆಲುಗು ಮನೆಗಳ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆಯಾಯಿತು. ಅವರ ದ್ವಿಭಾಷಿಕತೆ ಶಾಲೆಗೆ ಸಂಪತ್ತಾಗಿ ಕಾಣಲಿಲ್ಲ. ಲೆಕ್ಕಕ್ಕೆ ಸಿಗದ ಸಂಗತಿಯಾಯಿತು.

‘ಪ್ರತಿಭಾವಂತ ಗ್ರಾಮೀಣ ಮಗು’ ಎಂಬ ಕಲ್ಪನೆ ಸರ್ಕಾರದ ಯೋಜನೆಯಾಗಿ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಬೆಳೆದ ಜವಾಹರ್ ನವೋದಯ ವಿದ್ಯಾಲಯಗಳಿಂದ. ಬಳ್ಳಾರಿ ಜಿಲ್ಲೆಗೆಂದು ಬಂದ ನವೋದಯ ಇರುವುದು ಕೂಡ್ಲಿಗಿ ತಾಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಅದು ಆ ಕಡೆಗೆ ಹೋಯಿತು, ಸಂಡೂರು ಈ ಕಡೆ ಉಳಿಯಿತು. ಆರನೆಯ ತರಗತಿಗೆ ಆಯ್ಕೆ ಪರೀಕ್ಷೆಯಿಂದ. ಅದರಲ್ಲಿ ಎಂಬತ್ತು ಪ್ರಶ್ನೆಗಳಿಗೆ ನೂರು ಅಂಕ. ಅರ್ಧದಷ್ಟು ಮಾನಸಿಕ ಸಾಮರ್ಥ್ಯಕ್ಕೆ, ಕಾಲು ಭಾಗ ಅಂಕಗಣಿತಕ್ಕೆ, ಕಾಲು ಭಾಗ ಭಾಷೆಗೆ. ಭಾಷೆಯೆಂದರೆ ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ಐದು ಪ್ರಶ್ನೆಗಳು. ಮಗು ತನ್ನ ಭಾಷೆಯಲ್ಲಿಯೇ ಉತ್ತರಿಸಬಹುದು. ಗ್ರಾಮೀಣ ಮಕ್ಕಳಿಗೆ ಕನಿಷ್ಠ ಮುಕ್ಕಾಲು ಪಾಲು ಸ್ಥಾನಗಳು. 1823ರ ಶಾಲೆಯಲ್ಲಿ ತಂದೆಯ ಜೇಬು ಮಾಡುತ್ತಿದ್ದ ಆಯ್ಕೆಯನ್ನು ಒಂದು ಪ್ರಶ್ನೆಪತ್ರಿಕೆ ಮಾಡುವುದು ನಿಸ್ಸಂಶಯವಾಗಿ ದೊಡ್ಡ ನ್ಯಾಯ. ಈ ದಾರಿಯಲ್ಲಿ ಹೋಗಿ ಬೆಳೆದವರನ್ನು ನಮ್ಮ ಸಹೋದ್ಯೋಗಿಗಳಲ್ಲಿಯೇ ಕಾಣುತ್ತೇವೆ. ಆದ್ದರಿಂದ ಮುಂದಿನ ಮಾತನ್ನು ಕೃತಜ್ಞತೆಯಿಲ್ಲದ ಟೀಕೆಯೆಂದು ತಿಳಿಯಬಾರದು.

ಆ ಪರೀಕ್ಷೆಯಲ್ಲಿ ಭಾಷೆ ಜರಡಿ. ಪರಿಚಯವಿಲ್ಲದ ಗದ್ಯವನ್ನು ಓದಿ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದು ಓದುವ ಶಕ್ತಿಯ ಒಳ್ಳೆಯ ಅಳತೆಯೇ ಇರಬಹುದು. ಆದರೆ ಜರಡಿಯನ್ನು ದಾಟಿದ ಮೇಲೆ ಅದೇ ಭಾಷೆ ಕಲಿಕೆಯ ಹೊಲವಾಗುವುದಿಲ್ಲ. ನವೋದಯಗಳಲ್ಲಿ ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಪ್ರಾದೇಶಿಕ ಭಾಷೆ ಮಾಧ್ಯಮ. ಬಳಿಕ ಹಿಂದಿ ಮತ್ತು ಇಂಗ್ಲಿಷ್. ಪ್ರವೇಶ ಪರೀಕ್ಷೆಯಿಂದ ಆರನೆಯ ತರಗತಿಗೆ ಮಕ್ಕಳನ್ನು ಆರಿಸುವ ರಾಜ್ಯದ ಆದರ್ಶ ವಿದ್ಯಾಲಯಗಳಾದರೋ ಮೊದಲಿಂದಲೇ ಇಂಗ್ಲಿಷ್ ಮಾಧ್ಯಮದವು. ಮೊದಲು ಕನ್ನಡದಲ್ಲಿ ಜಾಣರೆಂದು ತೋರಿಸಿಕೊಳ್ಳಿ, ಆಮೇಲೆ ಜಾಣತನವನ್ನು ಬೇರೆಡೆ ಖರ್ಚು ಮಾಡಿ ಎಂಬಂತಿದೆ ಈ ಏರ್ಪಾಡು. ಗಣಿತದಲ್ಲಿ ಚುರುಕಾದ ಮಗುವಿಗೆ ಮುಂದಿನ ಗಣಿತ ಸಿಗುತ್ತದೆ. ಭಾಷೆಯಲ್ಲಿ ಚುರುಕಾದ ಮಗುವಿಗೆ ಸಿಗುವುದು ಇನ್ನೊಂದು ಭಾಷೆ, ಮುಂದಿನ ಭಾಷಾಜ್ಞಾನವಲ್ಲ. ತೀರಾ ಒಳ್ಳೆಯ ಶಾಲೆಯಲ್ಲಿ ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ.

ಊರಿನಲ್ಲಿ ಉಳಿದ ತರಗತಿಯ ಕಡೆಗೂ ಒಮ್ಮೆ ನೋಡಬೇಕು. ಹಳೆಯ ಮಠದಲ್ಲಿ ಚಿಕ್ಕವರಿಗೆ ಬಿಡಿಸಿ ಹೇಳುತ್ತಿದ್ದ ಹುಡುಗ ಈಗ ಹತ್ತನೆಯ ವಯಸ್ಸಿಗೇ ಬಸ್ಸು ಹತ್ತುತ್ತಾನೆ. ಅವನಿಗೆ ಹೇಳಿಕೊಡುವ ಕೆಲಸ ತಪ್ಪಿತು, ಉಳಿದವರಿಗೆ ಹೇಳಿಕೊಡುವವನು ತಪ್ಪಿದನು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಬೆಂಬಲ ನೀಡುವ ಮಾತನ್ನು ಹೇಳುತ್ತದೆ. ಅದಕ್ಕಿಂತ ನಮಗೆ ಆಸಕ್ತಿಕರವಾದದ್ದು, ಆರರಿಂದ ಎಂಟನೆಯ ತರಗತಿಗಳ ಪ್ರತಿ ಮಗುವೂ ‘ಭಾರತದ ಭಾಷೆಗಳು’ ಎಂಬ ಒಂದು ಚಟುವಟಿಕೆಯಲ್ಲಿ ತೊಡಗಬೇಕೆಂಬ ಅದರ ಸೂಚನೆ: ಲಿಪಿಗಳ ಸಾಮ್ಯ, ವ್ಯಾಕರಣ ರಚನೆಯ ಸಾಮ್ಯ, ಶಬ್ದಗಳ ಮೂಲ. ಎಲಿಸನ ಅಂಕಣಗಳು ಎರಡು ಶತಮಾನಗಳ ಬಳಿಕ ತರಗತಿಯ ಬಾಗಿಲಿಗೆ ಬಂದಂತೆ ಇದು ಕಾಣುತ್ತದೆ. ಆದರೆ ಸಂಸ್ಕೃತ ಮುಂತಾದ ಅಭಿಜಾತ ಭಾಷೆಗಳಿಂದ ಪದಗಳು ಬಂದ ಬಗೆಯನ್ನು ಕಲಿಯುವುದಕ್ಕೂ, ‘ಪಾಲು’ ಮತ್ತು ‘ಹಾಲು’ಗಳು ಹೇಗೆ ನಂಟರಾದವು ಎಂದು ಕಂಡುಕೊಳ್ಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಹೇಳಿಕೆಯಾಗಿ ಬಾಯಿಪಾಠಕ್ಕೆ ಒದಗುತ್ತದೆ. ಎರಡನೆಯದಕ್ಕೆ ಸಾಮಗ್ರಿ ಮಕ್ಕಳಿಂದಲೇ ಬರಬೇಕು.

ಇದು ಆಗದ ಕೆಲಸವೇನೂ ಅಲ್ಲ. ಮಾಸ್ಕೋದಲ್ಲಿ 1965ರಿಂದ ಶಾಲಾಮಕ್ಕಳಿಗಾಗಿ ಭಾಷಾವಿಜ್ಞಾನದ ಒಲಿಂಪಿಯಾಡ್ ನಡೆಯುತ್ತಿದೆ. ಅದರ ಅಂತರರಾಷ್ಟ್ರೀಯ ರೂಪ 2003ರಲ್ಲಿ ಬಲ್ಗೇರಿಯಾದಲ್ಲಿ ಆರಂಭವಾಯಿತು. 2016ರಲ್ಲಿ ಅದು ಸೇರಿದ್ದು ನಮ್ಮ ಮೈಸೂರಿನಲ್ಲಿ. ಅಪರಿಚಿತ ಭಾಷೆಯ ಕೆಲವು ವಾಕ್ಯಗಳನ್ನು ಕೊಟ್ಟು, ಅದರ ನಿಯಮವನ್ನು ಮಕ್ಕಳೇ ಹೊರತೆಗೆಯಬೇಕು ಎಂಬುದು ಅಲ್ಲಿನ ಸಮಸ್ಯೆಗಳ ರೀತಿ. ಅದು ಪ್ರೌಢಶಾಲೆಯವರ ಸ್ಪರ್ಧೆ, ಇಂಗ್ಲಿಷ್ ಬಲ್ಲ ನಗರದ ಮಕ್ಕಳಿಗೆ ಹತ್ತಿರದ ಸ್ಪರ್ಧೆ ಎಂಬುದು ನಿಜ. ಅದರ ರೀತಿಗೆ ಮಾತ್ರ ನಗರವೂ ಬೇಡ, ಇಂಗ್ಲಿಷೂ ಬೇಡ. ಕುರೆಕುಪ್ಪದ ಮಕ್ಕಳಿಗೆ ಅಪರಿಚಿತ ಭಾಷೆಯನ್ನು ದೂರದಿಂದ ತರಬೇಕಾಗಿಲ್ಲ. ಅದು ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತದೆ.

ಕೆಲವು ವಾರಗಳ ಬಳಿಕ ನಾವು ಅದೇ ಏಳನೆಯ ತರಗತಿಗೆ ಮರಳಿದೆವು. ಶಿಕ್ಷಕಿಯೇ ಒಂದು ಅವಧಿಯನ್ನು ಬಿಟ್ಟುಕೊಟ್ಟು, ತಾವೂ ಮಕ್ಕಳ ಜೊತೆ ಕುಳಿತರು. ಕಿಟೆಲರ ಕೋಶವನ್ನು ಒಯ್ದಿದ್ದೆವು, ಆದರೆ ಮೊದಲು ತೆರೆಯಲಿಲ್ಲ. ಹಕಾರದಿಂದ ಆರಂಭವಾಗುವ ಮಾತುಗಳನ್ನು ಹೇಳಿ ಎಂದೆವು. ಕರಿಹಲಗೆಯ ಮೇಲೆ ಮೂರು ಅಂಕಣ ಎಳೆದು, ತೆಲುಗು ಮನೆಯವರು ಒಂದರಲ್ಲಿ, ಆಡುಮಾತಿನವರು ಇನ್ನೊಂದರಲ್ಲಿ ತುಂಬಬೇಕು ಎಂದೆವು. ಹುಲಿ, ಪುಲಿ, ಉಲಿ. ಹಂದಿ, ಪಂದಿ, ಅಂದಿ. ಹಾವು, ಪಾಮು, ಆವು. ಹೊಲ, ಪೊಲಂ, ಒಲ. ಹಳ್ಳಿ, ಪಲ್ಲೆ, ಅಳ್ಳಿ. ಹತ್ತು ಸಾಲು ಆಗುವಷ್ಟರಲ್ಲಿ ನಿಯಮವನ್ನು ಮೂವರು ಒಟ್ಟಿಗೆ ಕೂಗಿ ಹೇಳಿದರು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ‘ಹಂಸ’ ಎಂದಳು. ತೆಲುಗಿನ ಅಂಕಣದಲ್ಲಿ ಬರೆಯಲು ಎದ್ದವಳು ಸೀಮೆಸುಣ್ಣ ಹಿಡಿದು ನಿಂತಳು. ‘ಇದ್ರಾಗ ಪ ಬರಲ್ಲ, ನಮ್ಮಲ್ಲೂ ಹಂಸನೇ’ ಎಂದಳು. ಹಂಸವನ್ನು ಕೆಳಗೆ ಬೇರೆಯಾಗಿ ಬರೆಯೋಣ ಎಂದು ತರಗತಿಯೇ ತೀರ್ಮಾನಿಸಿತು. ಅಷ್ಟರಲ್ಲಿ ‘ಮೊದ್ಲು ಯಾವ್ದಿತ್ತು’ ಎಂದು ಕೇಳಿದ್ದ ಹುಡುಗ ಎದ್ದುನಿಂತು, ತನ್ನ ಅಜ್ಜಿ ಆನೆಗೆ ‘ಹಾನೆ’ ಎನ್ನುತ್ತಾಳೆ, ಅದನ್ನು ಎಲ್ಲಿ ಬರೆಯಬೇಕು ಎಂದ. ತೆಲುಗಿನಲ್ಲಿ ಏನು ಎಂದು ಕೇಳಿದೆವು. ‘ಏನುಗು.’ ಪಕಾರವಿಲ್ಲ. ಹಾಗಾದರೆ ಅಜ್ಜಿಯ ಹಕಾರ ಎಲ್ಲಿಂದ ಬಂತು ಎಂಬುದರ ಮೇಲೆ ವಾದ ಹುಟ್ಟಿತು. ಗಂಟೆ ಹೊಡೆದಾಗ ಹಲಗೆಯ ಮೇಲೆ ನಾಲ್ಕನೆಯ ಅಂಕಣವೊಂದು ಎಳೆದಿತ್ತು, ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಅದರಲ್ಲಿ ಇದ್ದದ್ದು ‘ಹಾನೆ’ ಒಂದೇ.